ಡುರಿಯನ್ ಮರ: ನೆಡುವ ಮೊದಲು ತಿಳಿಯತಕ್ಕ ಸಂಗತಿಗಳು

ಕಳೆದ ವರ್ಷದ ಬೇಸಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಬಣ್ಣದ ಕಾಗದವನ್ನು ಹಿಡಿದುಕೊಂಡು ಮನೆಗೆ ಬಂದನು. ಸಸಿ ಮಾರುವವರು ಯಾರೋ ಜೀಪಿನಲ್ಲಿ ಊರೂರು ತಿರುಗಿ ಅದನ್ನು ಹಂಚಿದ್ದರಂತೆ. ಮೇಲೆ ಮುಳ್ಳು ತುಂಬಿದ ಒಂದು ಹಣ್ಣಿನ ಚಿತ್ರ. ಕೆಳಗೆ ಒಂದು ಮರದಿಂದ ವರ್ಷಕ್ಕೆ ಇಷ್ಟು ಸಾವಿರ ರೂಪಾಯಿ ಎಂಬ ಲೆಕ್ಕ.

"ಮಾಸ್ಟ್ರೇ, ಕೆಳಗಿನ ತೋಟದ ಅಡಕೆಗೆ ಹಳದಿ ರೋಗ ಹಿಡಿದಿದೆ. ಅದನ್ನು ಕಡಿದು ಇಡೀ ತೋಟಕ್ಕೆ ಈ ಡುರಿಯನ್ ಹಾಕಿದರೆ ಹೇಗೆ? ಬ್ಯಾಂಕಿನಲ್ಲಿ ಸಾಲಕ್ಕೂ ಕೇಳಿಯಾಗಿದೆ" ಎಂದನು.

ನಾವು ಆಗಲೇ ಉತ್ತರ ಕೊಡಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ ನಮ್ಮ ಮರವನ್ನು ತೋರಿಸಿದೆವು. ಹದಿಮೂರು ವರ್ಷಗಳ ಹಿಂದೆ ಬೀಜದಿಂದ ಎದ್ದ ಎರಡು ಡುರಿಯನ್ ಸಸಿಗಳನ್ನು ತಂದು ನೆಟ್ಟಿದ್ದೆವು. ಒಂದನ್ನು ಬೈಲಿನ ಅಂಚಿನಲ್ಲಿ ನೆಟ್ಟೆವು. ಅದು ಮೂರನೆಯ ಮಳೆಗಾಲದಲ್ಲಿ ಬುಡ ಕೊಳೆತು ಸತ್ತಿತು. ಇನ್ನೊಂದನ್ನು ಗುಡ್ಡದ ಬದಿಯಲ್ಲಿ ನೆಟ್ಟೆವು. ಅದು ಮೂವತ್ತು ಅಡಿ ಎತ್ತರಕ್ಕೆ ಬೆಳೆದು, ಮೂರು ವರ್ಷಗಳಿಂದ ಮೈತುಂಬ ಹೂ ಬಿಡುತ್ತಲಿತ್ತು. ಆದರೆ ಒಂದೇ ಒಂದು ಕಾಯಿ ನಿಂತಿರಲಿಲ್ಲ.

"ಒಂದು ಏಕೆ ಸತ್ತಿತು, ಇನ್ನೊಂದು ಏಕೆ ಬಂಜೆಯಾಯಿತು, ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದ ಮೇಲೆ ನೀನೇ ತೀರ್ಮಾನ ಮಾಡು" ಎಂದೆವು. ಅಂದು ಅವನಿಗೆ ಹೇಳಿದ್ದನ್ನೇ ಇಂದು ವಾಚಕರ ಮುಂದಿಡುತ್ತೇವೆ. ನಮ್ಮ ಗಡಿನಾಡಿನ ಹಲವು ಮನೆಗಳಿಗೆ ಆ ಬಣ್ಣದ ಕಾಗದ ಬಂದಿರಬಹುದು.

ಹುಟ್ಟೂರು ಮತ್ತು ಹೆಸರು

ಡುರಿಯನ್ ಮಲಯ ದ್ವೀಪಗಳ ಕಡೆಯ ಮರ. ಬೋರ್ನಿಯೊ ಮತ್ತು ಸುಮಾತ್ರ ದ್ವೀಪಗಳನ್ನು ಇದರ ತವರೆಂದು ಹೇಳುತ್ತಾರೆ. ಈ ಕುಲದಲ್ಲಿ ಸುಮಾರು ೩೦ ಜಾತಿಗಳಿದ್ದು, ಹೆಚ್ಚಿನವು ಬೋರ್ನಿಯೊದ ಕಾಡುಗಳಲ್ಲಿವೆ. ಅವುಗಳಲ್ಲಿ ಕೆಲವು ಜಾತಿಗಳ ಹಣ್ಣನ್ನು ಮಾತ್ರ ತಿನ್ನಬಹುದು. ಪೇಟೆಗೆ ಬರುವುದು ಬಹುಮಟ್ಟಿಗೆ ಒಂದೇ ಜಾತಿ. ಮಲಯ ಭಾಷೆಯಲ್ಲಿ 'ದುರಿ' ಎಂದರೆ ಮುಳ್ಳು. ಅದರಿಂದಲೇ ಈ ಹೆಸರು. ಶಾಸ್ತ್ರಜ್ಞರು ಇಟ್ಟ ಹೆಸರಿನ ಎರಡನೆಯ ಭಾಗವು ಪುನುಗಿನ ಬೆಕ್ಕಿನ ಹೆಸರಿನಿಂದ ಬಂದದ್ದು. ಹಣ್ಣಿನ ವಾಸನೆ ಎಂಥದೆಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಾಸನೆಗೆ ಕಾರಣ ಗಂಧಕ ಸೇರಿದ ವಸ್ತುಗಳು. ಈರುಳ್ಳಿ, ಬೆಳ್ಳುಳ್ಳಿಗಳ ಘಾಟಿಗೂ ಗಂಧಕವೇ ಮೂಲ. ೨೦೧೭ರಲ್ಲಿ ಸಿಂಗಾಪುರದ ವಿಜ್ಞಾನಿಗಳು ಡುರಿಯನ್ನಿನ ವಂಶವಾಹಿಗಳನ್ನು ಪೂರ್ತಿಯಾಗಿ ಓದಿ, ಹಣ್ಣು ಮಾಗುವಾಗ ಗಂಧಕದ ವಾಸನೆ ಹುಟ್ಟಿಸುವ ವಂಶವಾಹಿಗಳು ಚುರುಕಾಗುವುದನ್ನು ತೋರಿಸಿಕೊಟ್ಟರು. ಕಾಡಿನಲ್ಲಿ ಈ ವಾಸನೆಯಿಂದ ಮರಕ್ಕೆ ಪ್ರಯೋಜನವುಂಟು. ಪ್ರಾಣಿಗಳು ದೂರದಿಂದಲೇ ಮೂಸಿ ಬಂದು, ಹಣ್ಣು ತಿಂದು, ಬೀಜವನ್ನು ಹರಡುತ್ತವೆ. ಮನುಷ್ಯರಲ್ಲಿ ಮಾತ್ರ ಎರಡು ಪಕ್ಷ. ಸಿಂಗಾಪುರದ ನಗರ ರೈಲುಗಳಲ್ಲಿ ಈ ಹಣ್ಣನ್ನು ಒಯ್ಯಲು ಬಿಡುವುದಿಲ್ಲ. ಆದರೆ ಅದೇ ಊರಿನಲ್ಲಿ ಹಂಗಾಮು ಬಂತೆಂದರೆ ಅಂಗಡಿಯ ಮುಂದೆ ಜನ ನೆರೆಯುತ್ತಾರೆ. ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞನು ಮಲಯ ದ್ವೀಪಗಳ ಬಗ್ಗೆ ೧೮೬೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಅನುಭವವನ್ನು ಬರೆದಿದ್ದಾನೆ. ಮಲಾಕ್ಕದಲ್ಲಿ ಮನೆಯೊಳಗೆ ತಂದಾಗ ಅವನಿಗೆ ಅಸಹ್ಯವಾಯಿತು; ಬೋರ್ನಿಯೊದಲ್ಲಿ ನೆಲಕ್ಕೆ ಬಿದ್ದ ಹಣ್ಣನ್ನು ಬಯಲಿನಲ್ಲಿ ಕುಳಿತು ತಿಂದಾಗ ಅದರ ಭಕ್ತನೇ ಆಗಿಬಿಟ್ಟನು.

ಹಲಸಿನ ನೆಂಟನೇ?

ಹಣ್ಣನ್ನು ಕಂಡವರೆಲ್ಲ "ಇದು ನಮ್ಮ ಹಲಸಿನ ತಮ್ಮ" ಎನ್ನುತ್ತಾರೆ. ಇದು ಕಣ್ಣಿನ ಮೋಸ. ಹಲಸಿನ ಒಂದು ಹಣ್ಣು ನೂರಾರು ಸಣ್ಣ ಹೂಗಳು ಒಂದಾಗಿ ಕೂಡಿ ಆದದ್ದು. ಒಂದೊಂದು ಸೊಳೆಯೂ ಒಂದೊಂದು ಹೂವಿನದು. ಡುರಿಯನ್ನಿನ ಒಂದು ಹಣ್ಣಾದರೋ ಒಂದೇ ಹೂವಿನಿಂದ ಆದದ್ದು. ಮಾಗಿದಾಗ ಅದು ಸಾಮಾನ್ಯವಾಗಿ ಐದು ಹೋಳಾಗಿ ಬಿರಿಯುತ್ತದೆ. ಒಳಗೆ ಬೀಜಗಳ ಸುತ್ತ ಬೆಣ್ಣೆಯಂಥ ಹಳದಿ ತಿರುಳು ಇರುತ್ತದೆ. ಹಲಸಿನಂತೆ ಮೇಣವಿಲ್ಲ.

ಸಂಬಂಧ ಹುಡುಕುವುದಾದರೆ ಡುರಿಯನ್ ನಮ್ಮ ಬೂರುಗ, ಹತ್ತಿ, ಬೆಂಡೆ, ದಾಸವಾಳಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಇನ್ನೂ ಹತ್ತಿರದ ದಾಯಾದಿಯೊಂದು ನಮ್ಮ ಪಶ್ಚಿಮ ಘಟ್ಟದ ದಕ್ಷಿಣದ ಮಳೆಕಾಡುಗಳಲ್ಲಿ ಇದೆ. ಮಲೆಯಾಳದಲ್ಲಿ ಅದಕ್ಕೆ 'ವೆಡಿಪ್ಲಾವು' ಎನ್ನುತ್ತಾರೆ; ಸಿಡಿಯುವ ಹಲಸು ಎಂದರ್ಥ. ಮುಳ್ಳುಕಾಯಿ ಬಿಡುತ್ತದೆ, ಆದರೆ ಬೀಜದ ಸುತ್ತ ತಿರುಳಿಲ್ಲ. ಅದರ ಹೂ ಮತ್ತು ಬೀಜಗಳು ಸಿಂಗಳೀಕಗಳಿಗೆ ಮುಖ್ಯ ಆಹಾರ. ನೀಲಗಿರಿಯ ಕಲ್ಲಾರ್ ಮತ್ತು ಬರ್ಲಿಯಾರ್ ಸರಕಾರಿ ಹಣ್ಣಿನ ತೋಟಗಳಲ್ಲಿ ನಿಜವಾದ ಡುರಿಯನ್ ಮರಗಳೇ ಬಹಳ ಹಿಂದಿನಿಂದ ಇವೆ. ಆದುದರಿಂದ ಈ ಮರ ನಮ್ಮ ದೇಶದಲ್ಲಿ ಬದುಕುವುದೇ ಎಂಬ ಪ್ರಶ್ನೆ ಹಳೆಯದು. ಬದುಕುತ್ತದೆ, ಫಲವನ್ನೂ ಕೊಡುತ್ತದೆ. ಎಲ್ಲಿ, ಹೇಗೆ, ಯಾವ ನೆರೆಯಲ್ಲಿ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಬಂಜೆ ಮರದ ಗುಟ್ಟು

ಮೊದಲು ನಮ್ಮ ಗುಡ್ಡದ ಬದಿಯ ಮರವನ್ನು ನೋಡೋಣ. ಡುರಿಯನ್ ಹೂ ತುದಿರೆಂಬೆಯಲ್ಲಿ ಬಿಡುವುದಿಲ್ಲ. ಬಲಿತ ಕೊಂಬೆಗಳ ಮೈಯಲ್ಲೇ ಗೊಂಚಲು ಗೊಂಚಲಾಗಿ ನೇತಾಡುತ್ತದೆ. ಹೂ ಸಂಜೆಯ ಹೊತ್ತಿಗೆ ಅರಳುತ್ತದೆ. ಮೊದಲು ಹೆಣ್ಣು ಭಾಗ ಸಿದ್ಧವಾಗುತ್ತದೆ. ರಾತ್ರಿ ಏಳು ಎಂಟು ಗಂಟೆಯ ಸುಮಾರಿಗೆ ಪರಾಗ ಉದುರುತ್ತದೆ. ಬೆಳಗಾಗುವುದರೊಳಗೆ ಎಸಳು, ಕೇಸರಗಳೆಲ್ಲ ನೆಲಕ್ಕೆ ಬಿದ್ದಿರುತ್ತವೆ. ಹೀಗೆ ರಾತ್ರಿ ಅರಳುವ, ಮಂದ ಬಣ್ಣದ, ಜೇನು ತುಂಬಿದ, ಘಾಟು ವಾಸನೆಯ ಹೂ ಯಾರಿಗಾಗಿ? ಬಾವಲಿಗಳಿಗಾಗಿ. ಮಲಯ ಮತ್ತು ಥಾಯ್ಲೆಂಡ್ ದೇಶಗಳಲ್ಲಿ ಗುಹೆಯಲ್ಲಿ ವಾಸಿಸುವ ಒಂದು ಜಾತಿಯ ಜೇನು ಹೀರುವ ಬಾವಲಿಯೇ ಡುರಿಯನ್ನಿನ ಮುಖ್ಯ ಪರಾಗವಾಹಕ. ಜೇನಿಗೆ ಮುಖವಿಟ್ಟಾಗ ಅದರ ರೋಮಕ್ಕೆ ಪರಾಗ ಅಂಟಿ, ಮುಂದಿನ ಮರಕ್ಕೆ ಹೋಗುತ್ತದೆ.

ನಮ್ಮ ಮರಕ್ಕೂ ರಾತ್ರಿ ಬಾವಲಿಗಳು ಬರುವುದನ್ನು ಟಾರ್ಚಿನ ಬೆಳಕಿನಲ್ಲಿ ಕಂಡಿದ್ದೆವು. ಆದರೂ ಕಾಯಿ ಏಕೆ ನಿಲ್ಲಲಿಲ್ಲ? ಏಕೆಂದರೆ ಹೆಚ್ಚಿನ ಡುರಿಯನ್ ಮರಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ, ಒಪ್ಪಿದರೂ ಬಹಳ ಕಡಿಮೆ. ಸಗೋತ್ರದ ಸಂಬಂಧ ಅವುಗಳಿಗೆ ಆಗದು! ನಮ್ಮ ಮರ ಒಂಟಿ. ಅದರ ಜೋಡಿ ಬೈಲಿನಲ್ಲಿ ಸತ್ತುಹೋಗಿತ್ತು. ಬಾವಲಿ ಬಂದರೂ ತರುವುದಕ್ಕೆ ಬೇರೆ ಮರದ ಪರಾಗವೆಲ್ಲಿತ್ತು?

ಇಲ್ಲಿ ರೈತರು ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದಿದೆ. ಒಂದೇ ತಳಿಯ ಐವತ್ತು ಕಸಿ ಗಿಡಗಳನ್ನು ನೆಟ್ಟರೂ, ಪರಾಗದ ಲೆಕ್ಕದಲ್ಲಿ ಅವು ಒಂದೇ ಮರ. ಏಕೆಂದರೆ ಕಸಿ ಎಂದರೆ ಒಂದೇ ತಾಯಿಮರದ ತುಂಡುಗಳು. ಆದುದರಿಂದ ಎರಡು ಮೂರು ಬೇರೆ ಬೇರೆ ತಳಿಗಳನ್ನು, ಒಂದೇ ಸಮಯಕ್ಕೆ ಹೂ ಬಿಡುವಂಥವನ್ನು, ಬೆರಕೆಯಾಗಿ ನೆಡತಕ್ಕದ್ದು. ಥಾಯ್ಲೆಂಡಿನ ಬೆಳೆಗಾರರು ಸಂಜೆ ಕಳೆದ ಮೇಲೆ ಒಂದು ತಳಿಯ ಪರಾಗವನ್ನು ಕುಂಚದಲ್ಲಿ ತೆಗೆದು ಇನ್ನೊಂದು ತಳಿಯ ಹೂವಿಗೆ ಕೈಯಿಂದಲೇ ಮುಟ್ಟಿಸುತ್ತಾರೆ.

ಬಾವಲಿಯ ಊಟ ಮತ್ತು ಕಾಂಡ್ಲ ಕಾಡು

ಬಾವಲಿಯ ವಿಷಯದಲ್ಲಿ ಇನ್ನೊಂದು ಪಾಠವಿದೆ. ಡುರಿಯನ್ ಹೂ ಬಿಡುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನಗಳಲ್ಲಿ ಬಾವಲಿ ಏನು ತಿನ್ನಬೇಕು? ೧೯೭೦ರ ದಶಕದಲ್ಲಿ ಕೌಲಾಲಂಪುರದ ಬಳಿಯ ಗುಹೆಗಳಲ್ಲಿ ಇದನ್ನು ಅಭ್ಯಾಸ ಮಾಡಿದರು. ಗುಹೆಯ ಬಾವಲಿಗಳು ರಾತ್ರಿಯಲ್ಲಿ ಬಹಳ ದೂರ ಹಾರಿ, ಕಡಲತೀರದ ಕಾಂಡ್ಲ ಕಾಡಿನ ಹೂಗಳಿಂದ ಹೊಟ್ಟೆ ಹೊರೆಯುವುದು ಕಂಡುಬಂತು. ಎಂದಮೇಲೆ ಕಡಲ ಬದಿಯ ಕಾಂಡ್ಲವನ್ನು ಕಡಿದರೆ, ಗುಹೆಯ ಸುಣ್ಣಕಲ್ಲನ್ನು ಒಡೆದರೆ, ಎಲ್ಲಿಯೋ ಗುಡ್ಡದ ಮೇಲಿನ ಡುರಿಯನ್ ಫಸಲಿಗೆ ಏಟು ಬೀಳುತ್ತದೆ. ಕಾಂಡ್ಲ ಕಡಿದವನಿಗೆ ಡುರಿಯನ್ ತೋಟದ ಸುದ್ದಿಯೇ ತಿಳಿದಿರುವುದಿಲ್ಲ!

೨೦೧೮ರಲ್ಲಿ ಕಲ್ಲಿಕೋಟೆಯ ಕಡೆ ನಿಫಾ ಜ್ವರ ಬಂದಂದಿನಿಂದ ನಮ್ಮಲ್ಲಿ ಬಾವಲಿ ಎಂದರೆ ಭಯ ಹುಟ್ಟಿದೆ. ಭಯ ನಿಷ್ಕಾರಣವಲ್ಲ. ಹಣ್ಣುಬಾವಲಿಗಳಲ್ಲಿ ಆ ವೈರಸ್ಸು ಇರುವುದು ನಿಜ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಕಳ್ಳಿನ ಮಡಕೆಗೆ ಬಾವಲಿ ಬಾಯಿಡದಂತೆ ಮುಚ್ಚಬೇಕು. ಸತ್ತ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಆದರೆ ಬಾವಲಿ ತಂಗುವ ಮರವನ್ನು ಕಡಿದು, ಪಟಾಕಿ ಹೊಡೆದು ಓಡಿಸುವುದು ಮದ್ದಲ್ಲ. ಬೆದರಿದ ಬಾವಲಿಗಳು ಚೆದರಿ ಹೊಸ ಹೊಸ ಜಾಗಗಳಿಗೆ ಸೇರುತ್ತವೆ, ಅಷ್ಟೆ. ದೂರವಿರೋಣ, ಆದರೆ ಕೊಲ್ಲದಿರೋಣ.

ಸತ್ತ ಮರದ ಗುಟ್ಟು

ಇನ್ನು ಬೈಲಿನಲ್ಲಿ ಸತ್ತ ಸಸಿಯ ವಿಚಾರ. ಅದರ ಬುಡದ ತೊಗಟೆಯಲ್ಲಿ ಮೊದಲು ಒದ್ದೆಯಾದ ಕಪ್ಪು ಕಲೆ ಕಂಡಿತು. ಆಮೇಲೆ ಕೆಂಗಂದು ಅಂಟು ಒಸರಿತು. ಎಲೆ ಹಳದಿಯಾಗಿ ಉದುರಿ, ತುದಿಯಿಂದ ಒಣಗುತ್ತ ಬಂತು. ಇದು ಡುರಿಯನ್ನಿಗೆ ಎಲ್ಲ ದೇಶಗಳಲ್ಲೂ ಬರುವ ಮಹಾಶತ್ರು. ಹೆಸರು ಫೈಟೊಫ್ತೊರ.

ಈ ಹೆಸರು ಹೊಸದಾದರೂ ಕುಲ ನಮಗೆ ಹೊಸದಲ್ಲ. ನಮ್ಮ ಅಡಕೆಯ ಮಹಾಳಿ, ಅಂದರೆ ಕೊಳೆರೋಗ, ಇದೇ ಕುಲದ್ದು. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಮಹಾಳಿಯ ಕಾರಣವನ್ನು ವಿವರಿಸಿ, ಮೈಲುತುತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಅಡಕೆಗೆ ಬಳಕೆಗೆ ತಂದರು. ಡುರಿಯನ್ನನ್ನು ಕೊಲ್ಲುವ ಜಾತಿಯಂತೂ ನಮ್ಮ ತೋಟದಲ್ಲಿ ಆಗಲೇ ಮನೆ ಮಾಡಿದೆ. ತೆಂಗಿನ ಸುಳಿ ಕೊಳೆಸುವುದು ಅದೇ. ಕೊಕ್ಕೊ ಕಾಯಿಯನ್ನು ಕಪ್ಪಾಗಿ ಕೊಳೆಸುವುದೂ ಅದೇ.

ಇದು ಶಿಲೀಂಧ್ರವನ್ನು ಹೋಲುವ ಜೀವಿ. ಇದರ ಕಣ್ಣಿಗೆ ಕಾಣದ ಬೀಜಾಣುಗಳಿಗೆ ಬಾಲವಿದೆ. ಮಣ್ಣಿನಲ್ಲಿ ನೀರು ನಿಂತರೆ ಅವು ಮೀನಿನಂತೆ ಈಜಿಕೊಂಡು ಬೇರಿಗೆ ಬಂದು ಮುಟ್ಟುತ್ತವೆ. ನೀರು ಹರಿದುಹೋಗುವಲ್ಲಿ ಅವುಗಳ ಆಟ ಸಾಗದು. ನಮ್ಮಲ್ಲಿ ಮಳೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಬೈಲಿನ ತೋಟದ ಕಣಿಗಳಲ್ಲಿ ನೀರು ತುಂಬಿರುತ್ತದೆ. ಅಲ್ಲಿ ಡುರಿಯನ್ ನೆಟ್ಟ ತಪ್ಪು ನಮ್ಮದು, ಮರದ್ದಲ್ಲ. ನಮ್ಮ ವಿದ್ಯಾರ್ಥಿ ಕಡಿಯಹೊರಟಿದ್ದುದೂ ಅಂಥ ಕೆಳಗಿನ ತೋಟವನ್ನೇ. ಅದರ ನಡುವೆ ಕೊಕ್ಕೊ ಬೇರೆ ಇತ್ತು. ಶತ್ರುವಿನ ಮನೆಯಂಗಳದಲ್ಲೇ ಸಸಿ ನೆಟ್ಟಂತೆ ಆಗುತ್ತಿತ್ತು.

ನೆಡುವ ಕ್ರಮ

ಆಶೆ ಇದ್ದವರು ಕೆಳಗಿನ ರೀತಿಯಲ್ಲಿ ನೆಟ್ಟು ನೋಡಬಹುದು.

ಜಾಗ: ಗಾಳಿಗೆ ಮರೆಯಿರುವ, ಆಳವಾದ ಮಣ್ಣಿನ ಇಳಿಜಾರು ಉತ್ತಮ. ಮುರಕಲ್ಲು ಮೇಲಕ್ಕೇ ಇದ್ದರೆ ಬೇರು ಇಳಿಯದು. ಗುಂಡಿಯೊಳಗೆ ತಗ್ಗಾಗಿ ನೆಡಬಾರದು; ಗುಂಡಿ ತುಂಬಿಸಿ, ಅದರ ಮೇಲೆ ಮಣ್ಣು ಏರಿಸಿ, ಆ ಏರಿಯ ಮೇಲೆ ನೆಡಬೇಕು. ಮಳೆನೀರು ಹೋಗಲು ಪಕ್ಕದಲ್ಲಿ ಕಣಿ ಬೇಕು.

ಸಸಿ: ಬೀಜದ ಸಸಿ ತಾಯಿಯಂತೆ ಆಗುವ ಭರವಸೆಯಿಲ್ಲ. ಬಕ್ಕೆ ಹಲಸಿನ ಬೀಜ ಹಾಕಿದಲ್ಲಿ ತುಳುವ ಎದ್ದು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಬೀಜದ ಮರ ಫಲಕ್ಕೆ ಬರಲು ಏಳರಿಂದ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಕಸಿ ಗಿಡವಾದರೆ ನಾಲ್ಕರಿಂದ ಆರು ವರ್ಷ. ಕೊಳ್ಳುವಾಗ ಕಸಿಯ ಗಂಟನ್ನು ಕಣ್ಣಾರೆ ನೋಡಿ, ತಳಿಯ ಹೆಸರನ್ನು ಬರೆಸಿಕೊಳ್ಳಬೇಕು. ಮಲೇಷ್ಯದ ಮುಸಾಂಗ್ ಕಿಂಗ್, ಡಿ ೨೪, ಥಾಯ್ಲೆಂಡಿನ ಮೊಂಥಾಂಗ್, ಚನೀ ಹೆಸರಾದ ತಳಿಗಳು. ಬೀಜವನ್ನೇ ಹಾಕುವುದಿದ್ದರೆ ಹಣ್ಣಿನಿಂದ ತೆಗೆದ ಕೂಡಲೇ ಹಾಕಬೇಕು. ಒಣಗಿಸಿದ ಬೀಜ ಮೊಳೆಯದು.

ಅಂತರ: ಮರದಿಂದ ಮರಕ್ಕೆ ಎಂಟರಿಂದ ಹನ್ನೆರಡು ಮೀಟರು. ಬೀಜದ ಮರ ಕಾಡಿನಲ್ಲಿ ನೂರು ಅಡಿಗೂ ಮೇಲೆ ಹೋಗುತ್ತದೆ. ಮನೆಯ ಮಾಡಿನ ಹತ್ತಿರ, ಮಕ್ಕಳು ನಡೆದಾಡುವ ದಾರಿಯ ಮೇಲೆ ನೆಡಲೇಬಾರದು. ಎರಡು ಮೂರು ಕಿಲೋ ತೂಗುವ ಮುಳ್ಳಿನ ಕಾಯಿ ಮೇಲಿನಿಂದ ತಲೆಗೆ ಬಿದ್ದರೆ ಪ್ರಾಣಕ್ಕೇ ಅಪಾಯ. ಹಣ್ಣು ಬೀಳುವ ಕಾಲದಲ್ಲಿ ಮಲಯದ ತೋಟಗಳಲ್ಲಿ ಮರದಡಿ ಬಲೆ ಕಟ್ಟುತ್ತಾರೆ.

ಆರೈಕೆ: ಮೊದಲ ಎರಡು ಮೂರು ಬೇಸಗೆಗೆ ಬಾಳೆಯ ನೆರಳು, ಬುಡಕ್ಕೆ ಸೊಪ್ಪಿನ ಹೊದಿಕೆ, ತಪ್ಪದೆ ನೀರು. ಹಟ್ಟಿಗೊಬ್ಬರವನ್ನಾಗಲಿ ಸೊಪ್ಪನ್ನಾಗಲಿ ಕಾಂಡಕ್ಕೆ ತಾಗಿಸಿ ಹಾಕಬಾರದು; ಒಂದು ಗೇಣು ಬಿಡಬೇಕು. ದೊಡ್ಡ ಮರಕ್ಕೆ ಹೂ ಬರುವ ಮೊದಲು ಸ್ವಲ್ಪ ಕಾಲ ಒಣಹವೆ ಬೇಕು. ಕಾಯಿ ಕಚ್ಚಿದ ಮೇಲೆ ಹದವಾಗಿ ನೀರು ಕೊಡಬೇಕು. ಪರಾಗ ಸೇರಿದ ಮೇಲೆ ಹಣ್ಣಾಗಲು ಮೂರರಿಂದ ನಾಲ್ಕು ತಿಂಗಳು ಬೇಕಾಗುತ್ತದೆ.

ರೋಗ: ಮಳೆ ಹಿಡಿಯುವ ಮೊದಲು ಬುಡ, ಕಾಂಡಗಳನ್ನು ಪರೀಕ್ಷಿಸಬೇಕು. ಕೊಳೆತ ತೊಗಟೆಯನ್ನು ಕೆತ್ತಿ ತೆಗೆದು, ತೆಗೆದದ್ದನ್ನು ಸುಟ್ಟು, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ಅಡಕೆಗೆ ಬಿಡುವ ಶೇಕಡಾ ೧ರ ದ್ರಾವಣ, ಅಂದರೆ ೧೦೦ ಲೀಟರು ನೀರಿಗೆ ೧ ಕಿಲೋ ಮೈಲುತುತ್ತು ಮತ್ತು ೧ ಕಿಲೋ ಒಳ್ಳೆಯ ಸುಣ್ಣ, ಕಾಂಡಕ್ಕೂ ಎಲೆಗೂ ಹೊಡೆಯಬಹುದು. ಆದರೆ ನೀರು ನಿಲ್ಲುವ ಜಾಗದಲ್ಲಿ ಯಾವ ಮದ್ದೂ ಮರವನ್ನು ಬಹುಕಾಲ ಉಳಿಸಲಾರದು.

ತಿನ್ನುವವರಿಗೆ ಮತ್ತು ಮಾರುವವರಿಗೆ

ನೂರು ಗ್ರಾಂ ತಿರುಳಿನಲ್ಲಿ ಸುಮಾರು ೧೫೦ ಕ್ಯಾಲೊರಿ ಶಕ್ತಿಯಿದೆ. ಹಣ್ಣುಗಳಲ್ಲಿ ಇದು ಹೆಚ್ಚೇ. ಸಕ್ಕರೆ, ಕೊಬ್ಬು, ಪೊಟ್ಯಾಸಿಯಂ ಎಲ್ಲ ಇವೆ. ಆದುದರಿಂದ ಸಕ್ಕರೆ ಕಾಯಿಲೆಯವರು ಮಿತವಾಗಿ ತಿನ್ನಬೇಕು. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ತಿನ್ನಬಾರದು. ಮದ್ಯದೊಡನೆ ತಿನ್ನಬಾರದೆಂಬ ಮಾತು ಆ ದೇಶಗಳಲ್ಲಿ ಹಳೆಯದು. ಮದ್ಯವನ್ನು ಕರಗಿಸುವ ದೇಹದ ಕಿಣ್ವವನ್ನು ಡುರಿಯನ್ ಸಾರವು ತಡೆಯುವುದನ್ನು ೨೦೦೯ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಂಡರು. ಇನ್ನು ಈ ಹಣ್ಣು ತಿಂದರೆ ಸಂತಾನವಾಗುತ್ತದೆಂಬ ನಂಬಿಕೆಯಿಂದ ಬರ್ಲಿಯಾರಿಗೆ ಹುಡುಕಿಕೊಂಡು ಬರುವವರಿದ್ದಾರೆ. ವೈದ್ಯಶಾಸ್ತ್ರದ ಆಧಾರ ಅದಕ್ಕೆ ಇಲ್ಲ. ಆಶೆಯಿಂದ ಬಂದವರಿಗೆ ಹಣ್ಣನ್ನು ಮಾರಬಹುದು, ಸುಳ್ಳನ್ನು ಮಾರಬಾರದು.

ಪೇಟೆಯ ಮಾತು. ಲೋಕದ ಡುರಿಯನ್ ವ್ಯಾಪಾರ ಇಂದು ಬಹುಮಟ್ಟಿಗೆ ಒಂದೇ ಗಿರಾಕಿಯ ಮೇಲೆ ನಿಂತಿದೆ, ಅದು ಚೀನಾ. ೨೦೨೩ರಲ್ಲಿ ಆ ದೇಶವು ಸುಮಾರು ೧೪ ಲಕ್ಷ ಟನ್ ತಾಜಾ ಡುರಿಯನ್ ತರಿಸಿಕೊಂಡಿತು. ೨೦೨೨ರಲ್ಲಿ ವಿಯೆಟ್ನಾಮಿನ ತಾಜಾ ಹಣ್ಣಿಗೆ ಚೀನಾ ಬಾಗಿಲು ತೆರೆದಾಗ, ಅಲ್ಲಿಯ ಮಲೆನಾಡಿನಲ್ಲಿ ಕಾಫಿ, ಕರಿಮೆಣಸುಗಳನ್ನು ಕಿತ್ತು ಡುರಿಯನ್ ನೆಟ್ಟವರು ಅನೇಕರು. ೨೦೨೫ರ ಆರಂಭದಲ್ಲಿ ಚೀನಾ ಹಣ್ಣಿನಲ್ಲಿ ಒಂದು ಹಳದಿ ಬಣ್ಣದ ರಾಸಾಯನಿಕವೂ ಕ್ಯಾಡ್ಮಿಯಂ ಲೋಹವೂ ಇವೆಯೇ ಎಂಬ ಪರೀಕ್ಷೆಯನ್ನು ಬಿಗಿಗೊಳಿಸಿದ ಕೂಡಲೇ ಅವರ ರಫ್ತು ಕುಸಿಯಿತು. ಅಡಕೆಯ ಧಾರಣೆಯ ಏರಿಳಿತವನ್ನು ಮೂರು ತಲೆಮಾರಿನಿಂದ ಕಂಡ ನಮಗೆ ಇದನ್ನು ಬೇರೆ ಹೇಳಬೇಕೆ? ಅಲ್ಲದೆ ಮರದಿಂದ ಬಿದ್ದ ಹಣ್ಣು ಕೆಲವೇ ದಿನ ನಿಲ್ಲುತ್ತದೆ. ಹತ್ತಿರದಲ್ಲಿ ಕೊಳ್ಳುವವರು ಯಾರು ಎಂಬುದು ನೆಡುವ ಮೊದಲೇ ತಿಳಿದಿರಬೇಕು.

ಮುಗಿತಾಯ

ಇಷ್ಟನ್ನು ಕೇಳಿದ ನಮ್ಮ ವಿದ್ಯಾರ್ಥಿ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ "ಹಾಗಾದರೆ ನೆಡಬಾರದೋ ಮಾಸ್ಟ್ರೇ?" ಎಂದನು. "ನೆಡು. ಆದರೆ ತೋಟ ಕಡಿದು ನೆಡಬೇಡ, ಸಾಲ ಮಾಡಿ ನೆಡಬೇಡ, ಒಂದೇ ತಳಿ ನೆಡಬೇಡ" ಎಂದೆವು. ಅವನು ಸಾಲದ ಅರ್ಜಿಯನ್ನು ಹಿಂದೆ ತೆಗೆದುಕೊಂಡನು. ಮನೆಯ ಮೇಲಿನ ಇಳಿಜಾರಿನಲ್ಲಿ ಮೂರು ತಳಿಯ ಮೂರು ಕಸಿ ಗಿಡಗಳನ್ನು ಏರಿಯ ಮೇಲೆ ನೆಟ್ಟಿದ್ದಾನೆ. ಅಡಕೆಯಲ್ಲಿ ತೀರ ಸೋತ ಮರಗಳನ್ನು ಮಾತ್ರ ತೆಗೆದು, ಉಳಿದವನ್ನು ಆರೈಕೆ ಮಾಡುತ್ತಿದ್ದಾನೆ. ಮನೆ ನಡೆಯುತ್ತಿರುವುದು ಈಗಲೂ ಅದರಿಂದಲೇ.

ನಾವೂ ನಮ್ಮ ಒಂಟಿ ಮರದ ಬಳಿ ಬೇರೆ ತಳಿಯ ಒಂದು ಕಸಿ ಗಿಡವನ್ನು ನೆಟ್ಟೆವು. ಅದು ಹೂ ಬಿಡಲು ಇನ್ನೂ ವರ್ಷಗಳು ಬೇಕು. ಅಷ್ಟರವರೆಗೆ ಕಾಯಲಾರದೆ, ಈ ಬಾರಿ ಹೂ ಬಿಟ್ಟಾಗ ಪರವೂರಿನ ಗೆಳೆಯರೊಬ್ಬರ ಮರದ ಪರಾಗವನ್ನು ಅದೇ ಸಂಜೆ ತಂದು, ಏಣಿ ಹತ್ತಿ, ಮಕ್ಕಳ ಚಿತ್ರ ಬರೆಯುವ ಕುಂಚದಿಂದ ಕೈಗೆಟುಕಿದ ಹೂಗಳಿಗೆ ಮುಟ್ಟಿಸಿದೆವು. ನಾಲ್ಕು ಕಾಯಿಗಳು ನಿಂತಿವೆ.

ಪಾಠದ ಸಾರವಿಷ್ಟು: ಡುರಿಯನ್ ಒಂಟಿ ಬಾಳುವ ಮರವಲ್ಲ. ಅದಕ್ಕೆ ಬೇರೆ ತಳಿಯ ಜೋಡಿ ಬೇಕು, ರಾತ್ರಿ ಬರುವ ಬಾವಲಿ ಬೇಕು, ನೀರು ನಿಲ್ಲದ ನೆಲ ಬೇಕು, ಹತ್ತಿರದಲ್ಲಿ ಕೊಳ್ಳುವವರು ಬೇಕು. ಈ ನಾಲ್ಕೂ ಇದ್ದಲ್ಲಿ ಎರಡು ಮೂರು ಗಿಡ ನೆಟ್ಟು ನೋಡಬಹುದು. ಇಲ್ಲದಲ್ಲಿ ಆ ಬಣ್ಣದ ಕಾಗದವನ್ನು ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಲು ಬಳಸಬಹುದು.